ಬಾವಿಯ ಅರಿಶಿನ

ಅವತ್ತು ನಾನು ಹಿತ್ತಲ ಕಟ್ಟೆಯ ಮೇಲೆ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಹಿಂದಿನ ದಿನ ನೆನೆಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಸಾಕು, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಈ ಕೆಲಸ ನನಗೆ ಇಷ್ಟ. ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಬಾಯಿ ದೇವರ ನಾಮ ಹೇಳುತ್ತಿರುತ್ತದೆ. ಅರ್ಧ ಪಾತ್ರೆ ಆಗಿರಬೇಕು, ಮುಂದಿನ ರಸ್ತೆಯಲ್ಲಿ ಕಬ್ಬಿಣದ ಮುಚ್ಚಳ ಎಳೆಯುವ ಸದ್ದು ಕೇಳಿಸಿತು. ಒಳಚರಂಡಿಯವರು ಬಂದಿದ್ದಾರೆ ಅಂದುಕೊಂಡೆ. ಅವರು ನಮ್ಮ ಮನೆಗೇ ಬಂದವರು ಎಂದು ತಿಳಿಯುವ ಹೊತ್ತಿಗೆ ಇನ್ನೊಂದು ಹಿಡಿ ಕಾಳು ಮುಗಿದಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾವಿದ್ದದ್ದು ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ. ಒಂದು ಕಡೆ ಕಾರ್ಖಾನೆಗಳ ಶೀಟಿನ ಮಾಡುಗಳು, ಇನ್ನೊಂದು ಕಡೆ ಹಳೆಯ ಹಳ್ಳಿ. ನಡುವೆ ನಮ್ಮ ಮನೆ ಓನರ್ ಅಜ್ಜಿಯ ಜಾಗ. ಅಜ್ಜಿಯ ಹೊಲವೆಲ್ಲ ಕಾರ್ಖಾನೆಗಳಿಗೆ ಹೋಗಿ, ಉಳಿದದ್ದು ಅವರ ಮನೆ, ಪಕ್ಕದಲ್ಲಿ ಬಾಡಿಗೆಗೆಂದು ಕಟ್ಟಿಸಿದ ಎರಡು ಕೋಣೆ, ಹಿಂದೆ ಒಂದು ಶೆಡ್ಡು, ಆಚೆಗೆ ಎರಡು ಗುಂಟೆ ಸೊಪ್ಪಿನ ಮಡಿ, ಮಧ್ಯದಲ್ಲಿ ಒಂದು ಬಾವಿ. ಕೋಣೆಗಳಲ್ಲಿ ನಾನು, ಯಜಮಾನರು, ಐದನೇ ಕ್ಲಾಸಿನ ಮಗಳು. ಶೆಡ್ಡಿನಲ್ಲಿ ಯಜಮಾನರ ಪ್ಲೇಟಿಂಗ್ ಕೆಲಸ. ಬಾವಿ ಎರಡೂ ಮನೆಗೆ ಸೇರಿದ್ದು.

ಪ್ಲೇಟಿಂಗ್ ಅಂದರೆ ದೊಡ್ಡದೇನಲ್ಲ. ದೊಡ್ಡ ಕಾರ್ಖಾನೆಯವರು ಸೈಕಲ್ ಬೆಲ್ಲಿನ ಬಟ್ಟಲುಗಳನ್ನು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಿದ್ದರು. ಇವರು ಅವನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆದು, ನಿಕಲ್ ತೊಟ್ಟಿಗೆ ಇಳಿಬಿಟ್ಟು, ಕೊನೆಗೆ ಕ್ರೋಮ್ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದರೆ ಮುಖ ಕಾಣುವ ಹಾಗೆ ಹೊಳೆಯುತ್ತಿದ್ದವು. ಪ್ರತಿ ತೊಟ್ಟಿಯಿಂದ ಎತ್ತಿದ ಮೇಲೂ ನೀರಿನಲ್ಲಿ ಜಾಲಿಸಬೇಕು. ಆ ನೀರು ಒಂದು ಕಾಲುವೆ ಹಿಡಿದು ರಸ್ತೆಯ ಒಳಚರಂಡಿಗೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ, ಯಾರ ಕಾಲ ಮೇಲೆ ಹರಿಯುತ್ತದೆ ಎಂದು ನಾನಾಗಲಿ ಇವರಾಗಲಿ ಯೋಚಿಸಿದವರಲ್ಲ. ಕಣ್ಣಿಗೆ ಕಾಣದೆ ಹೋಯಿತಲ್ಲ, ಅಷ್ಟೇ ಸಾಕಿತ್ತು.

ಬಂದ ಸಾಹೇಬರು ವಯಸ್ಸಾದವರು. ಕಂಕುಳಲ್ಲಿ ಕೊಡೆ, ಹೆಗಲಿಗೆ ಚರ್ಮದ ಚೀಲ. ಅವರ ಹಿಂದೆ ಬಿದಿರು ಸೀಳು ಹಿಡಿದ ಇಬ್ಬರು ಕೆಲಸದವರು. ಯಜಮಾನರು ಗೋಣಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಶೆಡ್ಡಿನಿಂದ ಓಡಿ ಬಂದರು. ಸಾಹೇಬರು ಚೀಲದಿಂದ ಒಂದು ನೀಲಿ ಕಾಗದದ ಚೂರು ತೆಗೆದು ಕಾಲುವೆಯ ನೀರಿಗೆ ಅದ್ದಿದರು. ಕಣ್ಣೆದುರಿಗೇ ಅದು ಕೆಂಪಾಯಿತು.

"ನೋಡಿದ್ರಾ ಸ್ವಾಮಿ? ಇದು ನೀರಲ್ಲ, ಆಸಿಡ್ಡು."

"ಸಾರ್, ಜಾಲಿಸಿದ ನೀರು ಸಾರ್. ಎರಡು ಸಲ ನೀರು ಬೆರೆಸೇ ಬಿಡೋದು."

"ಹತ್ತು ಸಲ ಬೆರೆಸಿದ್ರೂ ಅಷ್ಟೇ. ಮೊನ್ನೆ ನಮ್ಮೋನೊಬ್ಬ ಈ ಮ್ಯಾನ್‌ಹೋಲಿಗೆ ಇಳಿದ. ಕಾಲಿಡೋಕೆ ಅಂತ ಗೋಡೆಗೆ ಕಬ್ಬಿಣದ ಮೆಟ್ಲು ಹೊಡೆದಿರ್ತೀವಲ್ಲ, ಮೂರನೇದು ಬಿಸ್ಕತ್ ಥರ ಮುರ್ಕೊಂಡು ಬಂತು. ಕೆಳಗೆ ಬಿದ್ದ. ಮೊಣಕಾಲಿನ ತನಕ ಚರ್ಮ ಸುಲಿದು ಹೋಗಿದೆ."

ನಾನು ಮಜ್ಜಿಗೆ ತೆಗೆದುಕೊಂಡು ಬಾಗಿಲಿಗೆ ಬಂದವಳು ಅಲ್ಲೇ ನಿಂತೆ. "ಬದುಕಿದ್ದಾನಾ ಸಾರ್?" ಅಂದೆ.

"ಬದುಕಿದ್ದಾನಮ್ಮ. ಆಸ್ಪತ್ರೇಲಿದ್ದಾನೆ."

"ದೇವರು ದೊಡ್ಡವನು."

ಸಾಹೇಬರು ಮಜ್ಜಿಗೆ ಲೋಟ ಕೈಗೆ ತೆಗೆದುಕೊಂಡು ನನ್ನನ್ನು ನೋಡಿದರು. "ದೇವರು ದೊಡ್ಡವನೇ ತಾಯಿ. ಪೈಪು ಚಿಕ್ಕದು."

ಅವರು ಕೊಟ್ಟ ನೋಟೀಸು ಇಂಗ್ಲಿಷಿನಲ್ಲಿತ್ತು. ಯಜಮಾನರು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ಆಸಿಡ್ಡು ಬಿಡಬಾರದು. ಎಣ್ಣೆ, ಪೆಟ್ರೋಲು ಬಿಡಬಾರದು. ಲೋಹ ಕರಗಿದ ನೀರು, ಕುದಿಯುವ ನೀರು, ಹಳೇ ಬಟ್ಟೆ, ಮಡ್ಡಿ, ಪೈಪನ್ನು ತಿನ್ನುವಂಥದ್ದು, ಪೈಪಿಗೆ ಇಳಿಯುವವರಿಗೆ ತೊಂದರೆ ಮಾಡುವಂಥದ್ದು ಯಾವುದೂ ಬಿಡಬಾರದು. ಹದಿನೈದು ದಿನದಲ್ಲಿ ನಿಲ್ಲಿಸದಿದ್ದರೆ ನಮ್ಮ ಕನೆಕ್ಷನ್ನಿಗೆ ಸಿಮೆಂಟು ಬಡಿದು ಮುಚ್ಚುತ್ತಾರೆ.

"ಸಾರ್, ಪಾತ್ರೆ ತಿಕ್ಕಿದ ಬೂದಿ?" ಎಂದು ಕೇಳಿದೆ. ಕೆಲಸದವರಿಬ್ಬರೂ ನಕ್ಕುಬಿಟ್ಟರು.

ಸಾಹೇಬರು ನಗಲಿಲ್ಲ. "ಬೂದಿಯೂ ಬೇಡಮ್ಮ. ಕಟ್ಕೊಳುತ್ತೆ. ಗಿಡದ ಬುಡಕ್ಕೆ ಹಾಕಿ."

ಅವತ್ತಿನಿಂದ ನಾನು ಒಂದು ಚಿಟಿಕೆ ಬೂದಿಯನ್ನೂ ಚರಂಡಿಗೆ ಬಿಡಲಿಲ್ಲ. ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಹೋಗುವ ಮುಂಚೆ ಸಾಹೇಬರು ಯಜಮಾನರಿಗೆ ದಾರಿಯನ್ನೂ ಹೇಳಿದರು. ಎರಡು ತೊಟ್ಟಿ ಕಟ್ಟಿಸಬೇಕು. ಕ್ರೋಮ್ ನೀರಿಗೆ ಒಂದರಲ್ಲಿ ಬೇರೆ ಔಷಧಿ ಹಾಕಬೇಕು. ಆಮೇಲೆ ಇನ್ನೊಂದರಲ್ಲಿ ಸುಣ್ಣ ಕಲಸಿ, ಮಡ್ಡಿ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಪರೀಕ್ಷೆ ಮಾಡಿಸಿ ಬಿಡಬೇಕು. ಇವರು ಎಲ್ಲದಕ್ಕೂ ಹೂಂ ಸಾರ್, ಹೂಂ ಸಾರ್ ಅಂದರು. ಸಾಹೇಬರು ಹೋದ ಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಅಲ್ಲಿ ಇನ್ನೊಂದು ಬಕೆಟ್ಟು ಇಡುವುದಕ್ಕೂ ಜಾಗವಿರಲಿಲ್ಲ. ಕಟ್ಟಿಸುವ ಶಕ್ತಿಯಂತೂ ಇರಲೇ ಇಲ್ಲ.

ಒಂದು ವಾರ ಇವರು ಸರಿಯಾಗಿ ಊಟ ಮಾಡಲಿಲ್ಲ. ಎಂಟನೇ ದಿನ ನಾನು ಬಡಿಸುತ್ತಿದ್ದಾಗ ತಟ್ಟನೆ ತಲೆ ಎತ್ತಿದರು.

"ಲೇ, ಅವರು ಹೇಳಿದ್ದೇನು? ಚರಂಡಿಗೆ ಬಿಡಬಾರದು ಅಂತ ತಾನೆ?"

"ಹೂಂ."

"ಬಿಡಲ್ಲ. ಹಿಂದೆ ಒಂದು ಇಂಗುಗುಂಡಿ ತೋಡ್ಸೋಣ. ನೆಲದೊಳಗೆ ಇಂಗಿ ಹೋಗ್ಲಿ."

ನನಗೆ ಎಷ್ಟು ಹಗುರವಾಯಿತೆಂದರೆ ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿದೆ. ಚರಂಡಿಗೆ ಇಳಿಯುವವನ ಕಾಲೂ ಉಳಿಯಿತು, ನಮ್ಮ ಅನ್ನವೂ ಉಳಿಯಿತು ಎಂದು ಎರಡು ಬತ್ತಿ ಹಾಕಿದೆ.

ಜಾಗ ಅಜ್ಜಿಯದಾದ್ದರಿಂದ ಅವರ ಅಪ್ಪಣೆ ಬೇಕಿತ್ತು. ಅಜ್ಜಿ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಹಿತ್ತಲೆಲ್ಲ ಓಡಾಡಿ, ಶೆಡ್ಡಿನ ಹಿಂದೆ ಹುಣಸೆಮರದ ಪಕ್ಕ ಕೋಲು ಊರಿದರು.

"ಇಲ್ಲಿ ತೋಡುಸ್ರಪ್ಪ. ಇಲ್ಲಿ ಮಣ್ಣು ಸಡ್ಲ. ಎಷ್ಟು ಉಯ್ದ್ರೂ ಕುಡ್ಕತದೆ. ನಮ್ಮತ್ತೆ ಕಾಲದಲ್ಲಿ ಬಚ್ಚಲ ನೀರೆಲ್ಲಾ ಇಲ್ಗೇ ಓಗ್ತಿತ್ತು."

"ಅಜ್ಜಿ, ಇದು ಖಾರದ ನೀರು," ಅಂದರು ಇವರು. ಆಸಿಡ್ಡಿಗೆ ಅಜ್ಜಿಗೆ ತಿಳಿಯುವ ಹಾಗೆ ಬೇರೆ ಮಾತು ಅವರಿಗೆ ಸಿಗಲಿಲ್ಲ.

"ಖಾರನಾದ್ರೆ ಏನಾಯ್ತು, ಮಣ್ಣು ತಾನೆ ಕುಡಿಯಾದು. ನಿಂಗೇನು ಅದ್ರ ಒಟ್ಟೆನೋವು?"

ಗುಂಡಿ ತೋಡುವ ದಿನ ಮೊದಲ ಗುದ್ದಲಿ ಬೀಳುವ ಮುಂಚೆ ನಾನೇ ನೆಲಕ್ಕೆ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ, ಕಡ್ಡಿ ಹಚ್ಚಿದೆ. ಭೂಮಿಯನ್ನು ಅಗೆಯುವಾಗ ಕೇಳಿಕೊಳ್ಳಬೇಕು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದರು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕ್ಕೊ ತಾಯಿ ಎಂದು ಕೇಳಿಕೊಂಡೆ. ಆಕೆ ಹೊಟ್ಟೆಗೆ ಹಾಕಿಕೊಂಡಳು.

ಹದಿನೈದನೇ ದಿನ ಸಾಹೇಬರು ಮತ್ತೆ ಬಂದರು. ಕಾಲುವೆ ಒಣಗಿತ್ತು. ಬಚ್ಚಲ ನೀರಿಗೆ ಕಾಗದ ಅದ್ದಿದರು, ನೀಲಿ ನೀಲಿಯಾಗಿಯೇ ಇತ್ತು. "ಶೆಡ್ಡಿನ ನೀರು?" ಎಂದು ಕೇಳಿದರು. ಇವರು ಹಿಂದಕ್ಕೆ ಕೈ ತೋರಿಸಿ, "ಗುಂಡಿಗೆ ಬಿಡ್ತಿದೀವಿ ಸಾರ್," ಅಂದರು. ಸುಳ್ಳು ಹೇಳಲಿಲ್ಲ. ಸಾಹೇಬರು ಹುಣಸೆಮರದ ಕಡೆ ಒಂದು ಗಳಿಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಕಾಗದದ ಮೇಲೆ ಏನೋ ಬರೆದು, ಮಜ್ಜಿಗೆ ಕುಡಿದು ಹೊರಟುಹೋದರು.

ನಮ್ಮ ಪಾಲಿಗೆ ಎಲ್ಲ ನೆಟ್ಟಗಾಗಿತ್ತು. ಬೆಲ್ಲಿನ ಬಟ್ಟಲುಗಳು ಹೊಳೆಯುತ್ತಾ ಹೋದವು. ಹುಣಸೆಮರದ ಒಂದು ಕಡೆಯ ಎಲೆ ಉದುರಿತು. ಬೇಸಿಗೆ ಬಂತಲ್ಲ ಅಂದುಕೊಂಡೆವು.

ಆ ಬೇಸಿಗೆಗೆ ಅಜ್ಜಿಯ ಕಿರಿಮಗಳು ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಮಗು. ಆ ಮನೆಯಲ್ಲಿ ಎಷ್ಟೋ ವರ್ಷದ ಮೇಲೆ ತೊಟ್ಟಿಲು ಇಳಿಸಿದ್ದು, ಅಜ್ಜಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಣಂತಿಗೂ ಮಗುವಿಗೂ ದಿನಾ ಎರೆಯುವುದು, ಬಟ್ಟೆ ಜಾಲಿಸುವುದು, ಬಾಣಂತಿಗೆ ಕುಡಿಯಲು ನೀರು ಕಾಯಿಸಿ ಇಡುವುದು, ಎಲ್ಲದಕ್ಕೂ ಆ ಬಾವಿಯೇ. ರಾಟೆ ಬೆಳಗ್ಗೆಯಿಂದ ಕಿರುಗುಟ್ಟುತ್ತಿತ್ತು. ನಾನೂ ನಾಲ್ಕು ಕೊಡ ಸೇದಿ ಕೊಡುತ್ತಿದ್ದೆ. ಎಳೆಮಗುವಿನ ಬೆನ್ನಿಗೆ ನೀರು ಹೊಯ್ಯುವಾಗ ಅದು ಉಸಿರು ಕಟ್ಟಿ ಬಾಯಿ ಬಿಡುತ್ತದಲ್ಲ, ಅದನ್ನು ನೋಡಲು ಬಚ್ಚಲ ಬಾಗಿಲಲ್ಲಿ ನಿಂತುಬಿಡುತ್ತಿದ್ದೆ.

ಬಾಣಂತಿ ಹೊರಗೆ ಬಂದು ನೀರು ಮುಟ್ಟುವ ಮುಂಚೆ ಗಂಗೆ ಪೂಜೆ ಮಾಡುವುದು ಅವರ ಪದ್ಧತಿ. ಮಗುವನ್ನು ಎತ್ತಿಕೊಂಡು ಬಾವಿಗೆ ಬರುತ್ತಾಳೆ. ಬಾವಿಯ ಕಟ್ಟೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ವೀಳ್ಯದೆಲೆ ಅಡಿಕೆಯ ಜೊತೆ ಒಂದು ಹಿಡಿ ಅರಿಶಿನವನ್ನು ನೀರಿಗೆ ಬಿಡುತ್ತಾರೆ. ಬಂದ ಮುತ್ತೈದೆಯರೆಲ್ಲ ಒಂದೊಂದು ಚಿಟಿಕೆ ಬಿಡುತ್ತಾರೆ. ಅವತ್ತು ಹತ್ತು ಹನ್ನೆರಡು ಜನ ಬಂದಿದ್ದರು. ನಾನೂ ಬಿಟ್ಟೆ.

ಮಾರನೇ ದಿನ ನೀರು ಹಳದಿ. ಸಹಜವೇ. ಮೂರನೇ ದಿನವೂ ಹಳದಿ. ವಾರ ಕಳೆಯಿತು, ಬಿಂದಿಗೆಯಲ್ಲಿ ನೋಡಿದರೆ ತೆಳ್ಳಗೆ ಹಳದಿ ಹಾಗೆಯೇ ಇದೆ. ಬೇಸಿಗೆಗೆ ಬಾವಿ ತಳ ಕಂಡಿತ್ತು. ಹಾಗಾಗಿ ಅರಿಶಿನ ಹೋಗಿಲ್ಲ ಎಂದು ಮೊದಲು ಹೇಳಿದವಳು ನಾನೇ.

"ಗಂಗಮ್ಮ ಅರಿಶಿನ ಬಿಟ್ಟುಕೊಡ್ತಿಲ್ಲ ನೋಡಿ ಅಜ್ಜಿ. ನಿಮ್ಮ ಮೊಮ್ಮಗನ ಪುಣ್ಯ."

ಅಜ್ಜಿ ಬಾಯಿ ತುಂಬ ನಕ್ಕರು. "ಊಂ ಮತ್ತೆ! ಮುತ್ತೈದೆ ಅಲ್ವಾ ಅವ್ಳು. ನಾನ್ ಬಂದಾಗ್ಲಿಂದ ಇಂಗಾಗಿದ್ದಿಲ್ಲ ಕಣವ್ವ."

ಅಜ್ಜಿಯ ಬಾಯಿಂದ ಮಾತು ಬೀದಿಗೆ ಹೋಯಿತು. ಹಳ್ಳಿಯ ಹೆಂಗಸರು ಶುಕ್ರವಾರ ಚಿಕ್ಕ ಚಿಕ್ಕ ಚೊಂಬು ತಂದರು. ಬೇರೆ ಬಾಣಂತಿಯರ ಮನೆಗೆಂದು ಒಯ್ದರು, ದೇವರ ಮೇಲೆ ಪ್ರೋಕ್ಷಣೆ ಮಾಡಿದರು. ನಾನು ನಮ್ಮ ದೇವರ ತೀರ್ಥಕ್ಕೆ ಅದನ್ನೇ ತುಂಬಿಸಿ, ದಿನಾ ಶಾಲೆಗೆ ಹೋಗುವ ಮಗಳ ಕೈಗೆ ಒಂದು ಉದ್ಧರಣೆ ಹಾಕುತ್ತಿದ್ದೆ. ಅವಳು ಮುಖ ಕಿವಿಚಿ, "ಅಮ್ಮಾ, ಕಬ್ಬಿಣ ನೆಕ್ಕಿದಂಗಿದೆ," ಅನ್ನುತ್ತಿದ್ದಳು. ದೇವರ ತೀರ್ಥಕ್ಕೆ ಹಾಗನ್ನಬಾರದು ಎಂದು ಗದರಿಸುತ್ತಿದ್ದೆ.

ಒಂದು ಸಣ್ಣ ಅನುಮಾನ ಬಟ್ಟೆಯಿಂದ ಬಂದಿತ್ತು. ಅರಿಶಿನದ ಕಲೆ ನಮಗೆ ಗೊತ್ತಿಲ್ಲದ್ದೇ? ಸೋಪು ತಗುಲಿದರೆ ಕೆಂಪಾಗುತ್ತದೆ, ಎರಡು ದಿನ ಬಿಸಿಲಿಗೆ ಹಾಕಿದರೆ ಹಾರಿಹೋಗುತ್ತದೆ. ಮಗುವಿನ ಬಿಳಿ ಬಟ್ಟೆಗಳಿಗೆ ಹತ್ತಿದ ಹಳದಿ ಸೋಪಿಗೆ ಕೆಂಪಾಗಲಿಲ್ಲ, ಬಿಸಿಲಿಗೂ ಹೋಗಲಿಲ್ಲ. ಮಗುವಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದಿದ್ದವು. ಸೆಕೆಗೆ ಅಂದರು ಅಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿದರು. ನಾನೂ ಸೆಕೆಗೇ ಅಂದುಕೊಂಡೆ. ಅನುಮಾನವನ್ನು ದೂರ ಇಡುವುದು ಎಷ್ಟು ಸುಲಭ.

ಗಂಗೆ ಪೂಜೆಯಾಗಿ ಹದಿನೈದು ದಿನಕ್ಕೆ ತೊಟ್ಟಿಲು ಶಾಸ್ತ್ರ. ಅಳಿಯನ ಕಡೆಯವರು ಬರುವವರಿದ್ದರು. ಆರತಿ ತಟ್ಟೆಯ ಕೆಲಸ ಅಜ್ಜಿ ನನಗೆ ವಹಿಸಿದ್ದರು. ಆರತಿಯ ಕೆಂಪು ನೀರು ಮಾಡುವುದು ಎಲ್ಲರಿಗೂ ಗೊತ್ತು. ನೀರಿಗೆ ಅರಿಶಿನ ಕಲಸಬೇಕು, ಮೇಲೆ ಒಂದಿಷ್ಟು ಸುಣ್ಣ ಹಾಕಿದರೆ ರಕ್ತದ ಹಾಗೆ ಕೆಂಪಾಗುತ್ತದೆ. ಅಡುಗೆಮನೆಯಲ್ಲಿ ಹೋಳಿಗೆ ಸುಡುವವರು, ಕೋಸಂಬರಿ ಕಲಸುವವರು, ಗದ್ದಲ. ನಾನು ಬಾವಿಯ ನೀರನ್ನು ತಟ್ಟೆಗೆ ಹಾಕಿ, ಅರಿಶಿನದ ಡಬ್ಬಿಗೆಂದು ಕೈ ಚಾಚಿದೆ. ಡಬ್ಬಿ ಯಾರೋ ಒಯ್ದಿದ್ದರು. ನೀರಲ್ಲೇ ಅರಿಶಿನವಿದೆಯಲ್ಲ, ಇದಕ್ಕೇ ಸುಣ್ಣ ಹಾಕಿದರಾಯಿತು, ಗಂಗಮ್ಮನ ಅರಿಶಿನದ ಆರತಿಯೇ ಆಗಲಿ ಎಂದು ಖುಷಿಯಿಂದ, ಅಜ್ಜಿಯ ಸುಣ್ಣದ ಡಬ್ಬಿಯಿಂದ ಬೆರಳಲ್ಲಿ ತೆಗೆದು ಕಲಸಿದೆ.

ಬಣ್ಣ ಬದಲಾಗಲಿಲ್ಲ. ಇನ್ನೂ ಒಂದು ಬೆರಳು ಹಾಕಿದೆ. ತಿರುಗಿಸಿದೆ. ಸುಣ್ಣ ತಳಕ್ಕೆ ಕೂತಿತು, ಮೇಲೆ ನೀರು ತಿಳಿಯಾಗಿ, ಹಳದಿಯಾಗಿ ನಿಂತಿತ್ತು.

ಅಷ್ಟರಲ್ಲಿ ಅರಿಶಿನದ ಡಬ್ಬಿ ವಾಪಸು ಬಂತು. ಒಂದು ಚಿಟಿಕೆ ಉದುರಿಸಿದೆ. ಬಿದ್ದ ಕಡೆಯೆಲ್ಲ ಕೆಂಪು ಹಬ್ಬಿತು. ಸುಣ್ಣ ಸರಿಯಾಗಿಯೇ ಇತ್ತು. ನೀರಲ್ಲಿದ್ದದ್ದು ಅರಿಶಿನ ಅಲ್ಲ.

ಅಂಥ ಹಳದಿಯನ್ನು ನಾನು ಎಲ್ಲಿ ನೋಡಿದ್ದೆ ಎಂದು ಯೋಚಿಸಬೇಕಾಗಿರಲಿಲ್ಲ. ದಿನಾ ಮಧ್ಯಾಹ್ನ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದಾಗ ಕೊನೆಯ ತೊಟ್ಟಿಯ ಪಕ್ಕದ ಜಾಲಿಸುವ ಬಕೆಟ್ಟಿನಲ್ಲಿ ನೋಡುತ್ತಿದ್ದೆ.

"ಆರತಿ ತರ್ರವ್ವಾ, ಮಗಾ ಅಳ್ತದೆ!" ಎಂದು ಹೊರಗಿಂದ ಅಜ್ಜಿ ಕೂಗಿದರು. ಬೇರೆ ನೀರಿರಲಿಲ್ಲ. ಆ ನೀರಿನಲ್ಲೇ ಆರತಿ ಎತ್ತಿದೆ. ಎತ್ತಿದ ಮೇಲೆ ಆ ಕೆಂಪು ನೀರಿನ ಬೊಟ್ಟನ್ನು ಮಗುವಿನ ಹಣೆಗೆ ಇಡಬೇಕು. ಬೆರಳು ಅದ್ದಿದವಳು ಹಾಗೇ ಸೆರಗಿಗೆ ಒರೆಸಿಕೊಂಡು, ಕುಂಕುಮದ ಭರಣಿಯಿಂದ ಒಣ ಕುಂಕುಮ ತೆಗೆದು ಇಟ್ಟೆ. ನನ್ನ ಕೈಲಾದದ್ದು ಅಷ್ಟೇ. ಯಾರೂ ಗಮನಿಸಲಿಲ್ಲ. ಹಾಡು ಹೇಳು ಅಂದರು, ಹೇಳಿದೆ.

ಬೆಳಗ್ಗೆ ಶೆಡ್ಡಿಗೆ ಹೋಗಿ ಒಂದು ಲೋಟ ಬಾವಿ ನೀರನ್ನು ಆ ಬಕೆಟ್ಟಿನ ಪಕ್ಕ ಇಟ್ಟೆ. ಯಜಮಾನರು ಎರಡನ್ನೂ ನೋಡಿದರು. ನಾನು ಸುಣ್ಣದ ಸಂಗತಿ ಹೇಳಿದೆ. ಅವರು ಕೈಯಲ್ಲಿದ್ದ ಬೆಲ್ಲಿನ ಬಟ್ಟಲನ್ನು ತಿರುಗಿಸುತ್ತಾ ಕೂತರು.

"ಗುಂಡಿಗೂ ಬಾವಿಗೂ ಐವತ್ತು ಹೆಜ್ಜೆ ಇದೆ ಕಣೇ," ಅಂದರು ಕೊನೆಗೆ. ಯಾರ ಹತ್ತಿರವೋ ವಾದ ಮಾಡುವವರ ಹಾಗೆ.

"ನೆಲದೊಳಗೆ ಹೆಜ್ಜೆ ಯಾರು ಎಣಿಸ್ತಾರೆ?"

"ಚರಂಡಿಗೆ ಬಿಡಬೇಡ ಅಂದ್ರು, ಬಿಡಲಿಲ್ಲ. ನೆಲಕ್ಕೆ ಬಿಟ್ರೆ ಹಿಂಗಾಯ್ತು. ಇನ್ನೆಲ್ಲಿಗೆ ಬಿಡ್ಲಿ ಹೇಳು? ಬಾಯಿಗೆ ಹುಯ್ಕೊಳ್ಳಾ?"

ಅವರು ಜೋರು ಮಾಡುವ ಮನುಷ್ಯರಲ್ಲ. ಅವತ್ತು ದನಿ ಏರಿತು, ಆಮೇಲೆ ಅಲ್ಲೇ ಕುಸಿಯಿತು. "ಎಲ್ಲರ ಬಾಯಿಗೂ ಹುಯ್ದಾಗಿದೆ," ಎಂದು ತಾವೇ ಹೇಳಿಕೊಂಡು ಎದ್ದು ಹೋಗಿ ಕರೆಂಟಿನ ಸ್ವಿಚ್ಚು ಆರಿಸಿದರು. ಅವತ್ತು ಕ್ರೋಮ್ ತೊಟ್ಟಿ ನಿಂತದ್ದು, ಮತ್ತೆ ಆ ಶೆಡ್ಡಿನಲ್ಲಿ ಶುರುವಾಗಲಿಲ್ಲ. ಇದನ್ನು ನಾನು ದೇವರ ದಯೆ ಅನ್ನುತ್ತೇನೆ. ನಾನು ಕೇಳುವ ಮೊದಲೇ ಅವರು ಆರಿಸಿದರು.

ಅಜ್ಜಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವರು ಬಚ್ಚಲ ಒಲೆಗೆ ತೆಂಗಿನ ಸೋಗೆ ತುರುಕುತ್ತಾ ಮಗುವಿಗೆ ಎರೆಯುವ ನೀರು ಕಾಯಿಸುತ್ತಿದ್ದರು. ನಾನು ಹೋಗಿ, "ಅಜ್ಜಿ, ಆ ನೀರು ಹಾಕ್ಬೇಡಿ," ಅಂದೆ.

"ಯಾಕವ್ವ, ಹಲ್ಲಿ ಬಿದ್ದದಾ?"

"ಅಲ್ಲ. ಅದು ಅರಿಶಿನ ಅಲ್ಲ ಅಜ್ಜಿ. ನಮ್ಮ ಶೆಡ್ಡಿನ ನೀರು."

ಅವರಿಗೆ ಕೋಪ ಬಂತು. "ಏ, ಬುಡು. ಗಂಗವ್ವನ್ ಮ್ಯಾಲೇ ಅನುಮಾನನಾ? ದಿನಾ ಪೂಜೆ ಮಾಡೋಳು ಆಡೋ ಮಾತಾ ಇದು? ನೀನೇ ತಾನೆ ಅವತ್ತು ಯೋಳಿದ್ದು, ಮೊಮ್ಮಗನ ಪುಣ್ಯ ಅಂತ?"

"ನಾನೇ ಹೇಳಿದ್ದು. ತಪ್ಪು ಹೇಳಿದೆ."

ಅವರ ಸೊಂಟದ ಚೀಲದಿಂದಲೇ ಸುಣ್ಣ ತೆಗೆಸಿ, ಚೊಂಬಿನ ನೀರಿಗೆ ಅವರ ಕೈಯಿಂದಲೇ ಹಾಕಿಸಿದೆ. ಜೀವನವಿಡೀ ಸುಣ್ಣ ಅರಿಶಿನದ ಜೊತೆ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರನ್ನೇ ನೋಡುತ್ತಾ ನಿಂತರು. ಕೈಯಲ್ಲಿದ್ದ ಸೋಗೆ ಉರಿಯುತ್ತಾ ಬೆರಳ ತನಕ ಬಂತು. ಅದನ್ನು ನಾನೇ ಕಿತ್ತು ಒಲೆಗೆ ಎಸೆದೆ.

ಬೈಯಲಿ ಎಂದು ಕಾದೆ. ಮನೆ ಖಾಲಿ ಮಾಡಿ ಅನ್ನಲಿ ಎಂದು ಕಾದೆ. ಅಜ್ಜಿ ಮೆಲ್ಲಗೆ, "ಮಣ್ಣು ಸಡ್ಲ ಅಂತ ಜಾಗ ತೋರ್ಸಿದ್ದು ನಾನೇ ಅಲ್ವಾ ಮಗಾ," ಅಂದರು. ಆಮೇಲೆ ಹಂಡೆಯ ಕೆಳಗಿನ ಬೆಂಕಿ ಹೊರಗೆಳೆದು ನೀರು ಚಿಮುಕಿಸಿ ಆರಿಸಿದರು. ಮಗು ಒಳಗೆ ಎಣ್ಣೆ ಹಚ್ಚಿಸಿಕೊಂಡು ಕಾಯುತ್ತಿತ್ತು. ಅವತ್ತು ಅದಕ್ಕೆ ಸ್ನಾನವಿಲ್ಲ.

ಒಂದು ಬಾಟಲಿಗೆ ಬಾವಿ ನೀರು ತುಂಬಿಕೊಂಡು ನಾನು ಒಳಚರಂಡಿ ಆಫೀಸಿಗೆ ಹೊರಟೆ. ನನಗೆ ಗೊತ್ತಿದ್ದ ಒಂದೇ ಆಫೀಸು, ಒಬ್ಬರೇ ಸಾಹೇಬರು. "ನಾನು ಹೋದ್ರೆ ನೋಟೀಸು, ನೀನು ಹೋದ್ರೆ ಮಾತಾದ್ರೂ ಕೇಳ್ತಾರೆ," ಎಂದು ಇವರು ಬಸ್ಸಿನ ತನಕ ಬಂದು ಹತ್ತಿಸಿದರು. ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತವಳು, "ತೀರ್ಥಾನಾ ಅಕ್ಕ?" ಎಂದು ಕೇಳಿದಳು. ಕಿಟಕಿಯ ಕಡೆ ತಿರುಗಿಬಿಟ್ಟೆ.

ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತು ಗುಂಡಿ ಅಂದಾಗಲೇ ಹೇಳ್ಬೇಕಾಗಿತ್ತು ನಾನು," ಅಂದರು. "ಹೇಳೋಕೆ ನಂಗೆ ಅಧಿಕಾರ ಇರಲಿಲ್ಲ. ನಮ್ಮದು ಪೈಪಿನ ಒಳಗಿಂದು ಮಾತ್ರ ತಾಯಿ. ಪೈಪಿನ ಹೊರಗಿನ ನೆಲ, ಬಾವಿ ನಮಗೆ ಬರಲ್ಲ."

"ಯಾರಿಗೆ ಬರುತ್ತೆ ಸಾರ್?"

"ಅದಕ್ಕೆ ಬೇರೆ ಆಫೀಸಿದೆ. ಅರ್ಜಿ ಕೊಡಿ, ಬಂದು ನೋಡ್ತಾರೆ. ಯಾವಾಗ ಅಂತ ಹೇಳಲಾರೆ."

"ಅಲ್ಲೀ ತನಕ ಬಾವಿ ನೀರನ್ನೆಲ್ಲ ಸೇದಿ ಖಾಲಿ ಮಾಡಿದ್ರೆ? ಹೊಸ ನೀರು ಬರಲ್ವಾ?"

"ಮಾಡಿ ನೋಡಬಹುದು. ನೆಲದಲ್ಲಿ ಇನ್ನೂ ಎಷ್ಟಿದೆಯೋ. ಸೇದಿದ ನೀರನ್ನ ಎಲ್ಲಿಗೆ ಬಿಡ್ತೀರಿ?"

ನಾನು ಯೋಚನೆಯಿಲ್ಲದೆ, "ಚರಂಡಿಗೆ," ಅಂದುಬಿಟ್ಟೆ.

ಅವರು ತಲೆ ಅಲ್ಲಾಡಿಸಿದರು. ಕೋಪವಿರಲಿಲ್ಲ, ದಣಿವಿತ್ತು. "ಬಿಡೋ ಹಾಗಿಲ್ಲಮ್ಮ. ಕೆಳಗೆ ಜನ ಇಳೀತಾರೆ."

ಅಜ್ಜಿಗೆ ಉಳಿದಿರುವ ಎರಡು ಗುಂಟೆ ಸೊಪ್ಪಿನ ಮಡಿಗೆ ಬಿಡೋಣ ಅಂದರೆ ಅದು ಮತ್ತೆ ಯಾರದೋ ಸಾರಿಗೆ ಬರುತ್ತದೆ. ರಸ್ತೆಗೆ ಬಿಟ್ಟರೆ ಮತ್ತೆ ಚರಂಡಿ. ಬಿದ್ದವನ ಕಾಲು ಹೇಗಿದೆ ಎಂದು ಕೇಳಿದೆ. ಕೆಲಸಕ್ಕೆ ಬರುತ್ತಿದ್ದಾನೆ, ಇಳಿಯುವುದಿಲ್ಲ, ಮೇಲೆ ಹಗ್ಗ ಹಿಡಿಯುತ್ತಾನೆ ಅಂದರು. ಅಷ್ಟಾದರೂ ಕೇಳಿಸಿಕೊಂಡು ಎದ್ದೆ. ಸಾಹೇಬರು ಅರ್ಜಿಯನ್ನು ತಾವೇ ಬರೆದುಕೊಟ್ಟರು. ಬಾಟಲಿಯನ್ನು ವಾಪಸು ನನ್ನ ಕೈಗೇ ಕೊಟ್ಟರು.

ಬಸ್ಸಿಳಿದು ಮನೆಗೆ ಬರುವ ದಾರಿಯುದ್ದಕ್ಕೂ ಆ ಒಂದು ಬಾಟಲಿ ನೀರನ್ನು ಎಲ್ಲಿ ಚೆಲ್ಲಲಿ ಎಂದು ನೋಡುತ್ತಾ ಬಂದೆ. ಚರಂಡಿಯ ಮುಚ್ಚಳದ ಹತ್ತಿರ ನಿಂತೆ, ಮನಸ್ಸು ಬರದೆ ಮುಂದೆ ನಡೆದೆ. ಬೇಲಿಯ ಬುಡದಲ್ಲಿ ನಿಂತೆ, ಅಲ್ಲಿ ಯಾರದೋ ಹಸು ಮೇಯುತ್ತಿತ್ತು. ತುಳಸಿಗಂತೂ ಆಗದು. ಕಡೆಗೆ ನಮ್ಮ ಹಿತ್ತಲಿಗೇ ಬಂದು, ಬಾವಿಯ ಕಟ್ಟೆಗೆ ಬಗ್ಗಿ, ಅದನ್ನು ತಂದ ಕಡೆಗೇ ಸುರಿದೆ. ಕೆಳಗೆ ಬಿದ್ದ ಸದ್ದು ಬರಲು ಸ್ವಲ್ಪ ಹೊತ್ತಾಯಿತು.

ಅಳಿಯ ಬಂದು ಬಾಣಂತಿಯನ್ನೂ ಮಗುವನ್ನೂ ಗೊತ್ತು ಮಾಡಿದ್ದಕ್ಕಿಂತ ಒಂದು ತಿಂಗಳು ಮುಂಚೆಯೇ ಕರೆದುಕೊಂಡು ಹೋದ. ಅಲ್ಲಿ ಗುಳ್ಳೆ ವಾಸಿಯಾಯಿತೆಂದು ಕಾಗದ ಬಂತು. ಮಗು ಆ ನೀರನ್ನು ಎಷ್ಟು ದಿನ ಮೈಮೇಲೆ ಹಾಕಿಸಿಕೊಂಡಿತು, ತಾಯಿ ಎಷ್ಟು ಲೋಟ ಕುಡಿದಳು, ನಮ್ಮ ಮಗಳಿಗೆ ನಾನು ಎಷ್ಟು ಉದ್ಧರಣೆ ಹಾಕಿದೆ, ಚೊಂಬಿನಲ್ಲಿ ಒಯ್ದವರು ಏನು ಮಾಡಿದರು, ಯಾವುದೂ ನನಗೆ ತಿಳಿಯದು. ಚೊಂಬು ಒಯ್ದ ಮನೆಗಳಿಗೆಲ್ಲ ನಾನೂ ಅಜ್ಜಿಯೂ ಹೋಗಿ ಹೇಳಿ ಬಂದೆವು. ಕೆಲವರು ಚೆಲ್ಲಿದರು. ಒಬ್ಬಾಕೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಕೊಟ್ಟ ಮೇಲೆ ಹೊಟ್ಟೆಕಿಚ್ಚಾ?" ಎಂದು ದೇವರ ಮನೆಯ ಬಾಗಿಲು ಮುಂದೆ ಮಾಡಿದಳು. ಅರ್ಜಿ ಕೊಟ್ಟ ಆಫೀಸಿನವರು ಮಳೆಗಾಲ ಮುಗಿದ ಮೇಲೆ ಬಂದು, ಅಷ್ಟು ಹೊತ್ತಿಗೆ ಮುಚ್ಚಿದ್ದ ಬಾವಿಯ ಕಲ್ಲು ಸರಿಸಿ, ಬಾಟಲಿಯಲ್ಲಿ ನೀರು ಒಯ್ದರು. ಉತ್ತರ ನಾವು ಆ ಮನೆ ಬಿಡುವ ತನಕ ಬರಲಿಲ್ಲ.

ಅದಕ್ಕೆಲ್ಲ ಮುಂಚೆ, ಬಾಣಂತಿ ಹೋದ ಮಾರನೇ ದಿನವೇ, ಬಾವಿ ಮುಚ್ಚಿದ್ದಾಯಿತು. ಗುಂಡಿಗೆ ಇವರು ತಾವೇ ಮಣ್ಣೆಳೆದರು. ಆಮೇಲೆ ಹಳ್ಳಿಯ ನಾಲ್ಕು ಗಂಡಸರು ಸೇರಿ, ಅಜ್ಜಿಯ ಹಳೇ ಕಣದಲ್ಲಿ ಬಿದ್ದಿದ್ದ ಎರಡು ಚಪ್ಪಡಿಗಳನ್ನು ಹಾರೆಯಿಂದ ಮೀಟಿ ತಂದು ಬಾವಿಯ ಮೇಲೆ ಎಳೆದರು. ರಾಟೆ ಬಿಚ್ಚಿ ಪಕ್ಕಕ್ಕಿಟ್ಟರು. ಎರಡನೇ ಚಪ್ಪಡಿ ಕೂರುವ ಮುಂಚೆ ಅಜ್ಜಿ, "ತಡೀರಪ್ಪ," ಎಂದು ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದು ನನ್ನ ಕಡೆ ಚಾಚಿದರು.

"ಇಕ್ಕು ಮಗಾ. ಮುತ್ತೈದೆ ನೀನು. ನಾನು ಇಕ್ಕಂಗಿಲ್ಲ."

ಬಟ್ಟಲು ತೆಗೆದುಕೊಂಡೆ. ಕುಂಕುಮ ಇಟ್ಟೆ. ಅರಿಶಿನಕ್ಕೆ ಕೈ ಹೋಗಿ ಅಲ್ಲೇ ನಿಂತಿತು. ಅಜ್ಜಿ ನೋಡಿದರು, ಬಟ್ಟಲನ್ನು ವಾಪಸು ತೆಗೆದುಕೊಂಡರು. ಗಂಡಸರು ಕಲ್ಲನ್ನು ಕೊನೆಯ ಗೇಣು ತಳ್ಳಿದರು.

ನಮ್ಮ ಹಂಡೆ ಖಾಲಿಯಾಗಿತ್ತು. ಬೀದಿಯ ಆ ಕೊನೆಯ ಕೈಪಂಪಿನಲ್ಲಿ ಆಗಲೇ ಕೊಡಗಳ ಸಾಲು ನಿಂತಿರುತ್ತದೆ. ಸೀರೆಯ ಸೆರಗು ಸಿಕ್ಕಿಸಿ, ಸಿಂಬಿ ತಲೆಯ ಮೇಲಿಟ್ಟುಕೊಂಡು, ನಮ್ಮದೊಂದು ಕೊಡ, ಅಜ್ಜಿಯದೊಂದು ಕೊಡ ತೆಗೆದುಕೊಂಡು ನೀರಿಗೆ ಹೊರಟೆ.